ಮೂತಿಯ ಹೆಸರು ಬಿಡಿ, ಸೀರಿಯಲ್ ನಂಬರ್ ಓದಿ: ಹಳೆಯ ವಿವಿಟಾರ್, ಕಿರಾನ್, ಟ್ಯಾಮ್ರಾನ್ ಲೆನ್ಸ್ ಕೊಳ್ಳುವವರಿಗೆ

ಹಳೆಯ ಫಿಲ್ಮ್ ಎಸ್‌ಎಲ್‌ಆರ್ ಒಂದನ್ನು 50 ಮಿಮೀ ಲೆನ್ಸ್ ಸಮೇತ ಕೊಂಡಾಯಿತು, ಇನ್ನೊಂದು ಲೆನ್ಸ್ ಬೇಕು ಅನ್ನುವ ಹೊತ್ತಿಗೆ ಎರಡು ಥರದ ಸಲಹೆ ಬರುತ್ತದೆ. ನಿಕಾನ್ ಬಾಡಿಗೆ ನಿಕಾನ್ ಲೆನ್ಸೇ ಹಾಕಿ, ಉಳಿದದ್ದೆಲ್ಲ ದುಡ್ಡು ದಂಡ ಅನ್ನುವವರು ಒಂದು ಕಡೆ. ವಿವಿಟಾರ್ ಸೀರೀಸ್ 1 (ಆ ಬ್ರ್ಯಾಂಡಿನ ಮೇಲ್ದರ್ಜೆಯ ಸಾಲು) ಕಂಡರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಲೆನ್ಸ್‌ನ ಮೂತಿಯ ಸುತ್ತ ಬರೆದ ಹೆಸರನ್ನೇ ನಂಬಿ ಮಾತಾಡುತ್ತಾರೆ. 1970–80ರ ದಶಕದ ಈ ಲೆನ್ಸ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ್ದು ಆ ಹೆಸರನ್ನು. ಯಾವ ಕಾರ್ಖಾನೆಯದು, ಯಾವ ಬಗೆಯ ಲೆನ್ಸ್, ಕೈಯಲ್ಲಿರುವ ಪೀಸ್ ಈಗ ಯಾವ ಸ್ಥಿತಿಯಲ್ಲಿದೆ, ಈ ಮೂರನ್ನು ಕೇಳಿ. ತೂಕ ಹೆಚ್ಚು ಇರುವುದು ಮೂರನೆಯದಕ್ಕೆ.

ವಿವಿಟಾರ್ ಅಮೆರಿಕದ ವ್ಯಾಪಾರಿಗಳ ಬ್ರ್ಯಾಂಡ್. ಮ್ಯಾಕ್ಸ್ ಪಾಂಡರ್ ಮತ್ತು ಜಾನ್ ಬೆಸ್ಟ್ 1938ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ಪಾಂಡರ್ ಅಂಡ್ ಬೆಸ್ಟ್ ಕಂಪನಿಯದು. ಲೆನ್ಸ್ ತಯಾರಿಸುವ ಕಾರ್ಖಾನೆ ಅವರಿಗಿರಲಿಲ್ಲ. ಜಪಾನಿನ ಕಿನೋ ಪ್ರಿಸಿಷನ್ (ಕಿರಾನ್ ಇವರದೇ ಸ್ವಂತ ಬ್ರ್ಯಾಂಡ್), ಕೊಮಿನೆ, ಟೋಕಿನಾ, ಕೋಸಿನಾ ಮುಂತಾದವರಿಂದ ಮಾಡಿಸಿ ತಮ್ಮ ಹೆಸರು ಹಾಕಿಸುತ್ತಿದ್ದರು. ಜರ್ಮನಿಯ ಫೋಟೋ ಕ್ವೆಲ್ಲೆ ಅಂಗಡಿಗಳ ರೆವ್ಯೂನಾನ್, ಬ್ರಿಟನ್ನಿನ ಡಿಕ್ಸನ್ಸ್ ಮಾರಿದ ಪ್ರಿಂಜ್, ಆಸ್ಟ್ರೇಲಿಯಾದ ಹ್ಯಾನಿಮೆಕ್ಸ್, ಇವುಗಳ ಕಥೆಯೂ ಇದೇ. ಮಾರುವವನು ಇಂಥ ಬೆಲೆಗೆ ಇಂಥ ಲೆನ್ಸ್ ಬೇಕು ಅನ್ನುತ್ತಿದ್ದ, ಕಾರ್ಖಾನೆ ಆ ಬೆಲೆಗೆ ತಕ್ಕಷ್ಟು ಮಾಡಿ ಕೊಡುತ್ತಿತ್ತು. ಹಾಗಾಗಿ ಒಂದೇ ಹೆಸರಿನಡಿ, ಒಂದೇ ವರ್ಷದಲ್ಲಿ, ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಅತ್ಯುತ್ತಮ ಮ್ಯಾಕ್ರೋ ಲೆನ್ಸೂ ಇದೆ, ಕ್ಯಾಮೆರಾ ಜೊತೆ ಪುಕ್ಕಟೆ ಎಂಬಂತೆ ಕೊಟ್ಟ ಕಳಪೆ ಜೂಮ್ ಕೂಡ ಇದೆ.

ಹೊರಗಿನವರಿಂದ ಮಾಡಿಸುವುದು ಕ್ಯಾಮೆರಾ ಕಂಪನಿಗಳಿಗೂ ಹೊಸದಲ್ಲ. ನಮ್ಮಲ್ಲಿ ಎಷ್ಟೋ ಜನ ಕಲಿಯಲು ಕೊಂಡ ನಿಕಾನ್ ಎಫ್‌ಎಂ10, ಅದರ ಜೊತೆ ಬಂದ 35–70 ಮಿಮೀ ಜೂಮ್ ಎರಡನ್ನೂ ಮಾಡಿದ್ದು ಕೋಸಿನಾ. ಯಾಶಿಕಾ ಎಫ್‌ಎಕ್ಸ್-3 ಕೂಡ ಅವರದೇ. ಕೋಸಿನಾ ಲೆನ್ಸ್ ಅಂದರೆ ಮೂಗು ಮುರಿಯುವವರ ಕೊರಳಲ್ಲೇ ಕೋಸಿನಾ ನೇತಾಡುತ್ತಿರುವುದು ಅಪರೂಪವೇನಲ್ಲ.

ವಿವಿಟಾರ್‌ನ ಮಟ್ಟಿಗೆ ತಯಾರಕರನ್ನು ಕಂಡುಹಿಡಿಯುವುದು ಸುಲಭ. 1970 ಮತ್ತು 80ರ ದಶಕದ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಕಾರ್ಖಾನೆಯ ಗುರುತು: 22 ಅಂದರೆ ಕಿನೋ, 28 ಕೊಮಿನೆ, 37 ಟೋಕಿನಾ. ಕೋಸಿನಾದ್ದು ಮಾತ್ರ 9 ಎಂಬ ಒಂಟಿ ಅಂಕಿ. ಗುರುತಿನ ನಂತರದ ಅಂಕಿ ವರ್ಷದ ಕೊನೆಯ ಅಂಕಿ, ಅದರ ಮುಂದಿನ ಎರಡು ವಾರದ ಸಂಖ್ಯೆ. 28712345 ಅಂತಿದ್ದರೆ ಕೊಮಿನೆ, 7ಕ್ಕೆ ಕೊನೆಯಾಗುವ ವರ್ಷದ 12ನೇ ವಾರ. ಅದು 1977ರೋ 1987ರೋ ಎಂಬುದನ್ನು ಲೆನ್ಸ್‌ನ ವಿನ್ಯಾಸ ನೋಡಿ ತೀರ್ಮಾನಿಸಬೇಕು. ಮಾರುವವರು ಹಾಕುವ ಫೋಟೋದಲ್ಲಿ ಮುಂದಿನ ರಿಂಗ್ ಕಾಣದಿದ್ದರೆ ಆ ನಂಬರಿನ ಫೋಟೋ ಕೇಳಿ ತರಿಸಿಕೊಳ್ಳಿ, ದುಡ್ಡು ಕಳಿಸುವ ಮಾತು ಆಮೇಲೆ.

ಈ ನಂಬರ್ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಸೀರೀಸ್ 1 70–210 ಮಿಮೀ ಜೂಮ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹೆಸರು ಒಂದೇ, ಒಳಗಿನ ಲೆನ್ಸ್ ಬೇರೆ ಬೇರೆ. ಮೊದಲನೆಯದು ಕಿನೋ ಮಾಡಿದ್ದು: ಎಲ್ಲ ಫೋಕಲ್ ಲೆಂತ್‌ನಲ್ಲೂ ಎಫ್ 3.5, ಫಿಲ್ಟರ್ 67 ಮಿಮೀ, ಕೈಗೆ ಭಾರ. ಎರಡನೆಯದು ಟೋಕಿನಾದ್ದು: ಎಫ್ 3.5 ಹಾಗೇ ಇದೆ, ಫಿಲ್ಟರ್ 62 ಮಿಮೀಗೆ ಇಳಿದಿದೆ. ಮೂರನೆಯದು ಕೊಮಿನೆಯದು: ಫಿಲ್ಟರ್ 62 ಮಿಮೀಯೇ, ಆದರೆ ಎಫ್ 2.8ರಿಂದ 4. ಪೂರ್ತಿ ತೆರೆದ ಅಪರ್ಚರ್‌ನಲ್ಲೂ ಧೈರ್ಯವಾಗಿ ಬಳಸಬಹುದಾದ್ದು ಈ ಮೂರನೆಯದು. ಮೊದಲನೆಯದು ತನ್ನ ಕಾಲಕ್ಕೆ ದೊಡ್ಡ ಸಾಧನೆ, ಎಫ್ 5.6–8ರಲ್ಲಿ ಇಂದಿಗೂ ಚೆನ್ನ, ಪೂರ್ತಿ ತೆರೆದರೆ ಕಾಂಟ್ರಾಸ್ಟ್ ಬೀಳುತ್ತದೆ. ಆಮೇಲೆ ಕೋಸಿನಾ ಮಾಡಿದ ಆವೃತ್ತಿಗೂ ಸೀರೀಸ್ 1 ಎಂಬ ಹೆಸರೇ ಇದೆ, ಅದಕ್ಕೆ ಮೊದಲ ಮೂರರ ಬೆಲೆ ಕೊಡಬೇಡಿ. ಇನ್ನು ಸೀರೀಸ್ 1 35–85 ಮಿಮೀ ಎಫ್ 2.8 ಸಿಕ್ಕರೆ ಒಂದು ವಿಷಯ ನೆನಪಿರಲಿ. ಅದು ವೇರಿಫೋಕಲ್. ಜೂಮ್ ತಿರುಗಿಸಿದೊಡನೆ ಫೋಕಸ್ ಜಾರುತ್ತದೆ. 85ರಲ್ಲಿ ಫೋಕಸ್ ಮಾಡಿಕೊಂಡು 35ಕ್ಕೆ ಬಂದು ಕ್ಲಿಕ್ಕಿಸುವ ಅಭ್ಯಾಸ ಇದ್ದವರ ರೋಲ್ ಪೂರ್ತಿ ಮಸುಕಾಗುತ್ತದೆ, ಬೈಗುಳ ತಿನ್ನುವುದು ಲೆನ್ಸ್.

ಯಾವ ಬಗೆಯ ಲೆನ್ಸ್‌ಗೆ ದುಡ್ಡು ಹಾಕಬಹುದು ಅಂತ ಕೇಳಿದರೆ ಮೊದಲ ಉತ್ತರ ಮ್ಯಾಕ್ರೋ. ಈ ಕಂಪನಿಗಳು ತಮ್ಮ ಅತ್ಯುತ್ತಮ ಕೆಲಸ ತೋರಿಸಿದ್ದು ಅಲ್ಲೇ. ಕಾರಣವೂ ಸರಳ. ಮ್ಯಾಕ್ರೋ ಲೆನ್ಸ್‌ಗೆ ಎಫ್ 1.4ರ ಹಂಗಿಲ್ಲ. 2.5 ಅಥವಾ 2.8 ಸಾಕು, ಫೋಕಲ್ ಲೆಂತ್ 90–105ರ ಆಸುಪಾಸು. ಇಂಥದ್ದರಲ್ಲಿ ದೋಷಗಳನ್ನು ತಿದ್ದುವುದು ಜೂಮ್‌ಗಿಂತ ಎಷ್ಟೋ ಸುಲಭ. ಅಂಚಿನವರೆಗೂ ಚಪ್ಪಟೆ ಫೋಕಸ್ ಇರಲೇಬೇಕು ಎಂಬ ಒತ್ತಾಯವೂ ಇರುತ್ತದೆ. ಟೋಕಿನಾ ಮಾಡಿದ ವಿವಿಟಾರ್ ಸೀರೀಸ್ 1 90 ಮಿಮೀ ಎಫ್ 2.5 ತಾನಾಗಿ 1:2ರವರೆಗೆ (ಫಿಲ್ಮ್ ಮೇಲೆ ವಸ್ತುವಿನ ಅರ್ಧ ಗಾತ್ರ) ಹೋಗುತ್ತದೆ, ಜೊತೆಗೆ ಬರುತ್ತಿದ್ದ ಅಡಾಪ್ಟರ್ ಹಾಕಿದರೆ 1:1, ಅಂದರೆ ಪೂರ್ತಿ ಗಾತ್ರ. ಆ ಅಡಾಪ್ಟರ್ ಬರೀ ಟ್ಯೂಬ್ ಅಲ್ಲ, ಒಳಗೆ ಗಾಜಿದೆ. ಕಳೆದುಹೋಗಿದ್ದರೆ ಸಾಮಾನ್ಯ ಎಕ್ಸ್‌ಟೆನ್ಶನ್ ಟ್ಯೂಬ್ ಅದೇ ಗುಣಮಟ್ಟ ಕೊಡುವುದಿಲ್ಲ. ಕೊಮಿನೆಯ 55 ಮಿಮೀ ಮತ್ತು 90 ಮಿಮೀ ಎಫ್ 2.8, ಕಿರಾನ್‌ನ 105 ಮಿಮೀ ಎಫ್ 2.8 ಇವು ಯಾವ ಅಡಾಪ್ಟರ್ ಇಲ್ಲದೆಯೇ 1:1 ಮುಟ್ಟುತ್ತವೆ. ಅದೇ ಕಿರಾನ್ 105 ಲೆಸ್ಟರ್ ಡೈನ್ ಹೆಸರಿನಲ್ಲೂ ಬಂದಿದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಕೋಸಿನಾದ 100 ಮಿಮೀ ಎಫ್ 3.5. ಇದನ್ನು ವಿವಿಟಾರ್, ಸೋಲಿಗೋರ್, ಫೀನಿಕ್ಸ್ ಎಂದೆಲ್ಲ ಮಾರಿದ್ದಾರೆ. ಪ್ಲಾಸ್ಟಿಕ್ ಮೈ, ಫೋಕಸ್ ರಿಂಗ್ ಗಡಗಡ ಅನ್ನುತ್ತದೆ, ಹಿಡಿದರೆ ಆಟಿಕೆ ಹಿಡಿದ ಹಾಗೆ. ಎಫ್ 8ಕ್ಕೆ ಇಳಿಸಿ ತೆಗೆದ ನೆಗೆಟಿವ್ ನೋಡಿದರೆ ದೂರಲು ಏನೂ ಸಿಗುವುದಿಲ್ಲ.

ಕಡಿಮೆ ಖರ್ಚಿನ ಇನ್ನೊಂದು ದಾರಿ ವಿವಿಟಾರ್ 2ಎಕ್ಸ್ ಮ್ಯಾಕ್ರೋ ಫೋಕಸಿಂಗ್ ಟೆಲಿಕನ್ವರ್ಟರ್. ಇದರಲ್ಲಿ ತನ್ನದೇ ಫೋಕಸ್ ರಿಂಗ್ ಇದೆ. ಹೇಗೂ ಇರುವ 50 ಮಿಮೀ ಎಫ್ 1.8ರ ಹಿಂದೆ ಹಾಕಿದರೆ 100 ಮಿಮೀ ಎಫ್ 3.6 ಆಗಿ, 1:1ರವರೆಗೆ ಬರುತ್ತದೆ. ನಾಲ್ಕು ಗಾಜಿನ ಅಗ್ಗದ 2ಎಕ್ಸ್ ಕನ್ವರ್ಟರ್‌ಗಳ ಸಾಲಿಗೆ ಇದನ್ನು ಸೇರಿಸಬೇಡಿ, ಇದರದ್ದು ಏಳು ಗಾಜು.

ಟ್ಯಾಮ್ರಾನ್ ಸ್ವಂತ ಕಾರ್ಖಾನೆಯವರು, 1950ರಲ್ಲಿ ಜಪಾನಿನ ಉರಾವಾದಲ್ಲಿ ಆರಂಭಿಸಿದವರು. ಅವರ ಅಡಾಪ್ಟಾಲ್-2 ಲೆನ್ಸ್‌ಗಳಲ್ಲಿ ಮೌಂಟ್ (ಬಾಡಿಗೆ ಕೂರುವ ಹಿಂಭಾಗ) ಬೇರೆ, ಲೆನ್ಸ್ ಬೇರೆ. ಇವತ್ತು ನಿಕಾನ್, ನಾಳೆ ಬಾಡಿ ಕೆಟ್ಟರೆ ಪೆಂಟಾಕ್ಸ್ ಅಥವಾ ಮಿನೋಲ್ಟಾ. ಹಿಂದಿನ ಮೌಂಟ್ ಬದಲಿಸಿದರಾಯಿತು, ಅಪರ್ಚರ್ ಸಂಪರ್ಕವೂ ಉಳಿಯುತ್ತದೆ. ಎಸ್‌ಪಿ ಸಾಲಿನ 90 ಮಿಮೀ ಎಫ್ 2.5 ಮೊದಲು ಬಂದದ್ದು 1979ರಲ್ಲಿ, ಮಾಡೆಲ್ 52ಬಿ. 1988ರ 52ಬಿಬಿ ಅದರ ಹೊಸ ರೂಪ. ಫಿಲ್ಟರ್ ಮೊದಲನೆಯದರಲ್ಲಿ 49 ಮಿಮೀ, ಎರಡನೆಯದರಲ್ಲಿ 55. ಮುಖದ ಚಿತ್ರಕ್ಕೆ ಇದಕ್ಕಿಂತ ಸಮಾಧಾನದ ಲೆನ್ಸ್ ಈ ಬೆಲೆಗೆ ಸಿಗುವುದು ಕಷ್ಟ. ಕೊಳ್ಳುವಾಗ ಆ ಮೌಂಟ್, ಅಂದರೆ ಅಡಾಪ್ಟರ್, ಜೊತೆಗಿದೆಯೇ ಕೇಳಿ. ಇಲ್ಲದಿದ್ದರೆ ಕೆಲವು ಬಾಡಿಗಳ ಅಡಾಪ್ಟರ್ ಹುಡುಕಿ ತರಿಸುವ ಖರ್ಚು ಲೆನ್ಸ್‌ನ ಬೆಲೆಗೆ ಸಮೀಪ ಹೋಗುತ್ತದೆ. ಅಡಾಪ್ಟರ್ ಹಾಕಿ ಲೆನ್ಸನ್ನು ಅತ್ತಿತ್ತ ತಿರುಚಿ ನೋಡಿ. ಕೂದಲೆಳೆಯಷ್ಟು ಅಲುಗಾಟ ಸಹಜ, ಕಟಕಟ ಸದ್ದು ಬಂದರೆ ಲಾಕ್ ಸವೆದಿದೆ. 500 ಮಿಮೀ ಎಫ್ 8 ಕನ್ನಡಿ ಲೆನ್ಸ್ ಕೂಡ ಒಳ್ಳೆಯದೇ, ಆದರೆ ಅಪರ್ಚರ್ ಬದಲಿಸಲಾಗದು. ವ್ಯೂಫೈಂಡರಿನ ಸ್ಪ್ಲಿಟ್ ಇಮೇಜ್ ಅರ್ಧ ಕಪ್ಪಾಗುತ್ತದೆ, ಸುತ್ತಲಿನ ಮ್ಯಾಟ್ ಭಾಗದಲ್ಲೇ ಫೋಕಸ್ ಮಾಡಬೇಕು. ಇದರ ಫೋಕಸ್ ರಿಂಗ್ ಅನಂತದ ಗುರುತು ದಾಟಿ ತಿರುಗುವುದು ದೋಷವಲ್ಲ. ಬಿಸಿಲಿಗೆ ಲೋಹ ಹಿಗ್ಗಿದರೂ ದೂರದ ವಸ್ತು ಫೋಕಸ್ ಆಗಲಿ ಅಂತ ಬೇಕೆಂದೇ ಬಿಟ್ಟ ಜಾಗ ಅದು.

ಟ್ಯಾಮ್ರಾನ್‌ನವರದೇ 1957ರ ಟಿ ಮೌಂಟ್ ಇನ್ನೂ ಚಾಲ್ತಿಯಲ್ಲಿದೆ. ಅದರಲ್ಲಿ ಒಂದು ಅಪಾಯವಿದೆ. ಟಿ ಮೌಂಟ್, ಹಳೆಯ ಪೆಂಟಾಕ್ಸ್‌ಗಳ ಎಂ42 ಎರಡೂ ಸ್ಕ್ರೂವಿನಂತೆ ತಿರುಗಿಸಿ ಕೂರಿಸುವ ಮೌಂಟ್. ಎರಡರ ವ್ಯಾಸವೂ 42 ಮಿಮೀ, ಥ್ರೆಡ್ ಮಾತ್ರ ಬೇರೆ: ಟಿಯದು 0.75 ಮಿಮೀ ಪಿಚ್, ಎಂ42ನದು 1 ಮಿಮೀ. ಒಂದರೊಳಗೆ ಇನ್ನೊಂದು ಸುತ್ತು ಸುತ್ತಿಕೊಂಡು ಹೋಗಿ ನಿಲ್ಲುತ್ತದೆ. ಅಲ್ಲಿಂದ ಬಲ ಹಾಕಿದರೆ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನ ಮೌಂಟ್ ಹಾಳು. ಹೇಗೋ ಕೂತರೂ ಫೋಕಸ್ ಸಿಗದು, ಟಿ ಮೌಂಟ್‌ಗೆ ಫಿಲ್ಮ್‌ನಿಂದ 55 ಮಿಮೀ ದೂರ ಬೇಕು, ಎಂ42ಕ್ಕೆ 45.46.

ಬಿಡಬೇಕಾದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಫ್ 3.5–4.8, 4–5.6 ಎಂದು ಬರೆದ ಅಗ್ಗದ 28–70, 28–80, 80–200 ಜೂಮ್‌ಗಳು ಪುಕ್ಕಟೆ ಸಿಕ್ಕರೂ ಬ್ಯಾಗಿನ ಜಾಗ ತಿನ್ನುತ್ತವೆ. ಹಳೆಯ ಜೂಮ್‌ಗಳ ದೊಡ್ಡ ರೋಗ ಕೋಟಿಂಗ್. ಗಾಳಿ ಮತ್ತು ಗಾಜು ಸೇರುವ ಪ್ರತಿ ಮೇಲ್ಮೈಯಲ್ಲಿ ಒಂದೇ ಪದರದ ಕೋಟಿಂಗ್ ಇದ್ದರೆ ಸುಮಾರು 1.5 ಶೇಕಡಾ ಬೆಳಕು ಹಿಂದೆ ಚಿಮ್ಮುತ್ತದೆ. ಅಂಥ 20 ಮೇಲ್ಮೈ ಇದ್ದರೆ ಫಿಲ್ಮ್ ತಲುಪುವುದು 74 ಶೇಕಡಾ. ಉಳಿದದ್ದರಲ್ಲಿ ಒಂದಷ್ಟು ಒಳಗೇ ಅಲೆದಾಡಿ ನೆರಳಿನ ಭಾಗವನ್ನು ಬೂದು ಮಾಡುತ್ತದೆ. ಮಲ್ಟಿಕೋಟಿಂಗ್ ಇದ್ದು ಪ್ರತಿಫಲನ 0.5 ಶೇಕಡಾಕ್ಕೆ ಇಳಿದರೆ 90 ಶೇಕಡಾ ದಾಟುತ್ತದೆ. ಆದ್ದರಿಂದ ಜೂಮ್ ಕೊಳ್ಳುವುದಾದರೆ ವಿವಿಟಾರ್‌ನಲ್ಲಿ ವಿಎಂಸಿ, ಟೋಕಿನಾದಲ್ಲಿ ಆರ್‌ಎಂಸಿ, ಟ್ಯಾಮ್ರಾನ್‌ನಲ್ಲಿ ಬಿಬಿಎಆರ್ ಎಂಬ ಅಕ್ಷರ ಹುಡುಕಿ, ಹುಡ್ ತಪ್ಪದೆ ಹಾಕಿ. 135 ಮಿಮೀ ಪ್ರೈಮ್‌ನಲ್ಲಿ ಗಾಜು ನಾಲ್ಕೈದೇ, ಹಳೆಯ ಕೋಟಿಂಗ್ ಇದ್ದರೂ ನಡೆಯುತ್ತದೆ.

ಈಗ ಮುಖ್ಯ ವಿಷಯ, ಬ್ಲೇಡ್ ಮೇಲಿನ ಎಣ್ಣೆ. ಕಿನೋ ಮತ್ತು ಕಿರಾನ್ ಲೆನ್ಸ್‌ಗಳು ಇದಕ್ಕೆ ಕುಖ್ಯಾತ, ಕೊಮಿನೆಯಲ್ಲೂ ಕಾಣುತ್ತದೆ. ಫೋಕಸ್ ರಿಂಗಿನ ಹೆಲಿಕಾಯ್ಡ್‌ಗೆ (ತಿರುಗಿಸಿದಾಗ ಗಾಜನ್ನು ಹಿಂದೆ ಮುಂದೆ ಸರಿಸುವ ಥ್ರೆಡ್) ಹಚ್ಚಿದ ಗ್ರೀಸ್ ವರ್ಷಗಟ್ಟಲೆ ಸೆಕೆಯಲ್ಲಿ ಕೂತರೆ ಅದರ ಎಣ್ಣೆ ಬೇರ್ಪಟ್ಟು ಹರಿದು ಅಪರ್ಚರ್ ಬ್ಲೇಡ್‌ಗಳ ನಡುವೆ ಸೇರುತ್ತದೆ. ಬ್ಲೇಡ್‌ಗಳು ಒಂದಕ್ಕೊಂದು ಅಂಟಿ ನಿಧಾನವಾಗುತ್ತವೆ. ಫಿಲ್ಮ್ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ, ಬಟನ್ ಒತ್ತಿದ ಮೇಲೆ ಕನ್ನಡಿ ಏಳುವಷ್ಟರಲ್ಲಿ ಬ್ಲೇಡ್ ಮುಚ್ಚಿಕೊಳ್ಳಬೇಕು. ತಡವಾದರೆ ನೀವಿಟ್ಟ ಎಫ್ 11 ಬದಲು 5.6ರಲ್ಲೋ 4ರಲ್ಲೋ ಚಿತ್ರ ಬೀಳುತ್ತದೆ. ನೆಗೆಟಿವ್ ಫಿಲ್ಮ್ ಒಂದೆರಡು ಸ್ಟಾಪ್ ಹೆಚ್ಚಾದರೂ ನುಂಗಿಕೊಳ್ಳುತ್ತದೆ, ಲ್ಯಾಬಿನವರು ಪ್ರಿಂಟಿನಲ್ಲಿ ಸರಿಮಾಡುತ್ತಾರೆ, ನಿಮಗೆ ಗೊತ್ತೇ ಆಗುವುದಿಲ್ಲ. ಸ್ಲೈಡ್ ಫಿಲ್ಮ್ ಹಾಕಿದ ದಿನ ಅರ್ಧ ಸ್ಟಾಪಿನ ತಪ್ಪೂ ಎದ್ದು ಕಾಣುತ್ತದೆ. ಅಡಾಪ್ಟರ್ ಹಾಕಿ ಮಿರರ್‌ಲೆಸ್ ಡಿಜಿಟಲ್‌ನಲ್ಲಿ ಬಳಸುವವರಿಗೆ ಈ ತೊಂದರೆ ಇಲ್ಲವೇ ಇಲ್ಲ, ಅವರು ಕೈಯಿಂದಲೇ ಅಪರ್ಚರ್ ಮುಚ್ಚಿ ನಿಧಾನವಾಗಿ ತೆಗೆಯುತ್ತಾರೆ. ಹಾಗಾಗಿ ಮಿರರ್‌ಲೆಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಮಾರಾಟಗಾರರ ಮಾತು ಪ್ರಾಮಾಣಿಕವಾಗಿದ್ದರೂ ಫಿಲ್ಮ್‌ನವರಿಗೆ ಅದರಿಂದ ಏನೂ ತಿಳಿದ ಹಾಗಾಗಲಿಲ್ಲ.

ಪರೀಕ್ಷೆ ಹೀಗೆ. ನಿಕಾನ್, ಪೆಂಟಾಕ್ಸ್ ಕೆ ಲೆನ್ಸ್ ಆದರೆ ಅಪರ್ಚರ್ ರಿಂಗ್ 16ಕ್ಕಿಟ್ಟು, ಹಿಂದಿನ ಲಿವರ್ ಬೆರಳಲ್ಲಿ ಎಳೆದು ಬಿಡಿ. ಎಂ42 ಆದರೆ ಪಿನ್ ಒತ್ತಿ ಬಿಡಿ. ಚಟ್ಟನೆ ಮುಚ್ಚಿ ತೆರೆಯಬೇಕು. ಆಮೇಲೆ ಬಾಡಿಗೆ ಹಾಕಿ, ಫಿಲ್ಮ್ ಇಲ್ಲದೆ ಹಿಂದಿನ ಬಾಗಿಲು ತೆರೆದು, ಎಫ್ 16, 1 ಸೆಕೆಂಡ್ ಇಟ್ಟು ಬೆಳಕಿನ ಕಡೆ ತಿರುಗಿಸಿ ಕ್ಲಿಕ್ಕಿಸಿ. ಶಟರ್ ತೆರೆದ ಕ್ಷಣದಲ್ಲೇ ರಂಧ್ರ ಚಿಕ್ಕದಾಗಿರಬೇಕು. ದೊಡ್ಡದಿದ್ದು ಕುಗ್ಗುವುದು ಕಣ್ಣಿಗೆ ಕಂಡಿತೋ, ಆ ಲೆನ್ಸ್ ರಿಪೇರಿಗೆ ಹೋಗಬೇಕು. ಹತ್ತು ಸಲ ಬೇಗಬೇಗ ಕ್ಲಿಕ್ಕಿಸಿ ನೋಡಿ, ಮೊದಲ ಸಲ ಮಾತ್ರ ಅಂಟಿಕೊಂಡು ಆಮೇಲೆ ಸರಿಹೋಗುವ ಲೆನ್ಸ್‌ಗಳೂ ಇವೆ. ಅವು ಬೆಳಗಿನ ಮೊದಲ ಫ್ರೇಮನ್ನು ಕೆಡಿಸುತ್ತವೆ.

ಎಣ್ಣೆ ತೆಗೆಯುವಾಗ ಜನ ಮಾಡುವ ತಪ್ಪು, ಗಾಜು ಬಿಚ್ಚದೆ ಬ್ಲೇಡಿಗೆ ಲೈಟರ್ ಫ್ಲೂಯಿಡ್ ಹನಿಸುವುದು. ಎಣ್ಣೆ ಕರಗಿ ಒಳಗಿನ ಗಾಜಿನ ಮೇಲೆ ಹರಡಿ ಮಸುಕಾಗಿ ಕೂರುತ್ತದೆ. ಬ್ಲೇಡಿನ ಹಿಂದೆ ಮುಂದೆ ಇರುವ ಗಾಜಿನ ಗುಂಪುಗಳನ್ನು ತೆಗೆದಿಟ್ಟು, ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸ್ವಲ್ಪವೇ ಫ್ಲೂಯಿಡ್ ಹಚ್ಚಿ, ಅಪರ್ಚರ್ ತೆರೆದು ಮುಚ್ಚಿ, ಒರೆಸಿ, ಇದನ್ನೇ ಕಡ್ಡಿ ಸ್ವಚ್ಛವಾಗಿ ಬರುವವರೆಗೆ ಮುಂದುವರಿಸಬೇಕು. ಬ್ಲೇಡಿಗೆ ಮತ್ತೆ ಯಾವ ಎಣ್ಣೆಯನ್ನೂ ಹಾಕಬಾರದು, ಅವು ಒಣಗಿಯೇ ಕೆಲಸ ಮಾಡುವಂಥವು. ಹೆಲಿಕಾಯ್ಡ್‌ನ ಹಳೆಯ ಗ್ರೀಸ್ ಬದಲಿಸದಿದ್ದರೆ ಎಣ್ಣೆ ಮತ್ತೆ ಬರುತ್ತದೆ. ಹೆಲಿಕಾಯ್ಡ್ ಬಿಚ್ಚುವವರು ಎರಡು ಭಾಗ ಬೇರಾಗುವ ಜಾಗದಲ್ಲಿ ಸೂಜಿಯಿಂದ ಗೀಟು ಹಾಕಿಕೊಳ್ಳಲಿ. ಅದರ ಥ್ರೆಡ್ ಹಲವು ಜಾಗಗಳಲ್ಲಿ ಹಿಡಿಯುತ್ತದೆ, ತಪ್ಪು ಜಾಗದಲ್ಲಿ ಹಿಡಿದರೆ ಅನಂತದ ಫೋಕಸ್ ಹೋಯಿತು. ಸ್ಕ್ರೂಗಳು ಜಪಾನಿ ಜೆಐಎಸ್ ಅಳತೆಯವು, ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಜಾರಿ ತಲೆ ಸವೆಸುತ್ತದೆ. ಜೂಮ್ ಲೆನ್ಸನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ.

ಗಾಜು ನೋಡಲು ಮೊಬೈಲ್ ಟಾರ್ಚ್ ಸಾಕು. ಅಪರ್ಚರ್ ಪೂರ್ತಿ ತೆರೆದು, ಒಂದು ತುದಿಯಿಂದ ಓರೆಯಾಗಿ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಧೂಳಿನ ಚುಕ್ಕೆ ಯಾವ ಹಳೆಯ ಲೆನ್ಸ್‌ನಲ್ಲೂ ಇದ್ದದ್ದೇ, ಚಿತ್ರಕ್ಕೆ ಬಾಧೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಫಂಗಸ್. ಒಂದೇ ಸಮನಾದ ಹಾಲುಹಾಲು ಮಸುಕು ಗ್ರೀಸಿನ ಆವಿ, ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಟ್ಟಿದೆ, ಅದರ ರಿಪೇರಿ ಲೆನ್ಸ್‌ನ ಬೆಲೆಗೆ ತಕ್ಕದ್ದಲ್ಲ. ಹೊರಗಿನ ಗಾಜಿನ ಫಂಗಸ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಸಮಪಾಲು, ಆಗಲೇ ಬೆರೆಸಿ, ಗಾಳಿಯಾಡುವ ಕಡೆ ಕೂತು ಒರೆಸಿ. ಬೆರೆಸಿದ್ದನ್ನು ಸೀಸೆಯಲ್ಲಿ ಮುಚ್ಚಿಡಬೇಡಿ. ಫಂಗಸ್ ಹೋದರೂ ಅದು ಕೋಟಿಂಗ್ ಕೊರೆದ ಗುರುತು ಉಳಿಯಬಹುದು.

ಮೌಂಟ್‌ನ ಮೂರು ಕಿರಿಕಿರಿಗಳು. ನಿಕಾನ್‌ಗೆಂದು 1977ಕ್ಕೆ ಮುಂಚೆ ಮಾಡಿದ ಲೆನ್ಸ್‌ಗಳ ಅಪರ್ಚರ್ ರಿಂಗಿಗೆ ಎಐ ಅಂಚು (ಇಟ್ಟ ಅಪರ್ಚರ್ ಅನ್ನು ಬಾಡಿಗೆ ತಿಳಿಸುವ ಮೆಟ್ಟಿಲು) ಇರುವುದಿಲ್ಲ. ಅವನ್ನು ಎಫ್‌ಎಂ2ಗೆ ಹಾಕಿದರೆ ಬಾಡಿಯ ಸಣ್ಣ ಲಿವರ್ ಮುರಿಯಬಹುದು. ಮೊದಲ ಎಫ್‌ಎಂ ಮತ್ತು ಎಫ್‌ಇಗಳಲ್ಲಿ ಅದನ್ನು ಮಡಚಬಹುದು. ಪೆಂಟಾಕ್ಸ್ ಕೆ ಮೌಂಟಿನ ಕೆಲವು ಲೆನ್ಸ್‌ಗಳಿಗೆ ರೀಕೋ ಕ್ಯಾಮೆರಾಕ್ಕೆಂದು ಹೆಚ್ಚಿನ ಒಂದು ಪಿನ್ ಇರುತ್ತದೆ. ಆಟೋಫೋಕಸ್ ಪೆಂಟಾಕ್ಸ್ ಬಾಡಿಗೆ ಹಾಕಿದರೆ ಆ ಪಿನ್ ಫೋಕಸ್ ಸ್ಕ್ರೂವಿನ ಗುಳಿಗೆ ಬಿದ್ದು ಲೆನ್ಸ್ ಹೊರಬರುವುದೇ ಇಲ್ಲ. ಕೆ1000ಕ್ಕೆ ಹಾಕುವವರಿಗೆ ಚಿಂತೆಯಿಲ್ಲ. ಕ್ಯಾನನ್ ಇಒಎಸ್‌ಗೆ ಬಂದ 1990ರ ದಶಕದ ಸಿಗ್ಮಾ ಆಟೋಫೋಕಸ್ ಲೆನ್ಸ್‌ಗಳು ಅಂದಿನ ಬಾಡಿಗಳಲ್ಲಿ ನಡೆಯುತ್ತವೆ, ಮುಂದಿನ ಬಾಡಿಗಳಲ್ಲಿ ಅಪರ್ಚರ್ ಇಳಿಸಿದೊಡನೆ ಕ್ಯಾಮೆರಾ ಎರರ್ ತೋರಿಸಿ ನಿಲ್ಲುತ್ತದೆ. ನಿಮ್ಮದೇ ಬಾಡಿಯಲ್ಲಿ ಎಫ್ 8 ಇಟ್ಟು ಕ್ಲಿಕ್ಕಿಸಿ ನೋಡಿಯೇ ಕೊಳ್ಳಿ.

ಅನಂತದ ಫೋಕಸ್ ನೋಡಲು ಫಿಲ್ಮ್ ಖರ್ಚು ಮಾಡಬೇಕಿಲ್ಲ. ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಒಳಗಿನ ಜೋಡಿ ಹಳಿಗಳ ಮೇಲೆ ಬಿಳಿ ಮ್ಯಾಟ್ ಟೇಪನ್ನು ಬಿಗಿಯಾಗಿ ಅಂಟಿಸಿ. ಹೊರಗಿನ ಹಳಿ ಸ್ವಲ್ಪ ಎತ್ತರ, ಅದರ ಮೇಲೆ ಅಂಟಿಸಿದರೆ ಫಲಿತಾಂಶ ತಪ್ಪು. ಶಟರ್ ಬಿಯಲ್ಲಿಟ್ಟು (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಸ್ಥಾನ) ಕೇಬಲ್ ರಿಲೀಸ್‌ನಿಂದ ತೆರೆದು, ಅಪರ್ಚರ್ ಪೂರ್ತಿ ತೆರೆದು, ಟೇಪಿನ ಮೇಲೆ ಬೀಳುವ ದೂರದ ಮೊಬೈಲ್ ಟವರಿನ ಬಿಂಬವನ್ನು ಲೂಪಿನಿಂದ (ಚಿಕ್ಕ ಭೂತಗನ್ನಡಿ) ನೋಡಿ. ರಿಂಗ್ ಅನಂತಕ್ಕೆ ಬಂದು ನಿಂತಾಗ ಟವರ್ ಚೂಪಾಗಿರಬೇಕು.

ಮೂಲೆಗಳ ಪರೀಕ್ಷೆಗೆ ಮಾತ್ರ ಫಿಲ್ಮ್ ಬೇಕು. 100 ಐಎಸ್‌ಒ ಫಿಲ್ಮ್, ಟ್ರೈಪಾಡ್, ಎಫ್ 5.6. ಅದೇ ಟವರನ್ನು ನಾಲ್ಕು ಫ್ರೇಮ್‌ಗಳಲ್ಲಿ ನಾಲ್ಕು ಮೂಲೆಗೆ ತಂದು ತೆಗೆಯಿರಿ, ಫೋಕಸ್ ರಿಂಗ್ ಮುಟ್ಟಬೇಡಿ. ನಾಲ್ಕೂ ಮೂಲೆ ಒಂದೇ ಥರ ಮಂಕಾಗಿದ್ದರೆ ಅದು ಲೆನ್ಸ್‌ನ ವಿನ್ಯಾಸ, ಎಫ್ 11ಕ್ಕೆ ಇಳಿಸಿದರೆ ಸುಧಾರಿಸುತ್ತದೆ. ಒಂದೇ ಮೂಲೆ ಕೆಟ್ಟಿದ್ದರೆ ಒಳಗೆ ಗಾಜು ವಾಲಿದೆ: ಲೆನ್ಸ್ ಬಿದ್ದಿದೆ, ಅಥವಾ ಯಾರೋ ಬಿಚ್ಚಿ ಸರಿಯಾಗಿ ಜೋಡಿಸಿಲ್ಲ. ಮೌಂಟಿನ ಸ್ಕ್ರೂ ತಲೆಗಳು ಸವೆದಿದ್ದರೆ ಎರಡನೆಯದೇ ಇರಬೇಕು. ತೀರ್ಪು ಕೊಡುವಾಗ ನೆಗೆಟಿವನ್ನು 10 ಪಟ್ಟಿನ ಲೂಪಿನಲ್ಲಿ ನೋಡಿ. ಫ್ಲಾಟ್‌ಬೆಡ್ ಸ್ಕ್ಯಾನರ್‌ನ ಮಂಕುತನವನ್ನು ಲೆನ್ಸ್‌ನ ತಲೆಗೆ ಕಟ್ಟಿದ ಎಷ್ಟೋ ವಿಮರ್ಶೆಗಳು ಓಡಾಡುತ್ತಿವೆ.

ಕರಾವಳಿ ಮತ್ತು ಮಲೆನಾಡಿನವರಿಗೆ ಕೊನೆಯದಾಗಿ ಒಂದು ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಲೆನ್ಸ್‌ಗೆ ಫಂಗಸ್ ಬರಲು ಒಂದೇ ಮಳೆಗಾಲ ಸಾಕಾಗಬಹುದು. ರಬ್ಬರ್ ಸೀಲ್ ಇರುವ ಡಬ್ಬಿ, ಒಳಗೊಂದು ಚಿಕ್ಕ ಹೈಗ್ರೋಮೀಟರ್, ಸಿಲಿಕಾ ಜೆಲ್. ತೇವಾಂಶ 40ರಿಂದ 50 ಶೇಕಡಾ ಇರಲಿ, 60 ದಾಟಲು ಬಿಡಬೇಡಿ, 30ಕ್ಕಿಂತ ಕೆಳಗೂ ಇಳಿಸಬೇಡಿ. ಕಿತ್ತಳೆ ಬಣ್ಣದ ಜೆಲ್ ಬಣ್ಣ ಬದಲಿಸಿದಾಗ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಒಣಗಿಸಿ, ತಣ್ಣಗಾದ ಮೇಲೆ ಡಬ್ಬಿಗೆ ಹಾಕಿ. ಹಳೆಯ ಲೆನ್ಸ್ ಜೊತೆ ಬರುವ ಚರ್ಮದ ಅಥವಾ ರೆಕ್ಸಿನ್ ಕೇಸ್ ನೋಡಲು ಚೆಂದ, ಆದರೆ ಅದರೊಳಗಿನ ಮಖಮಲ್ಲು ತೇವ ಹಿಡಿದಿಡುತ್ತದೆ. ಅದನ್ನು ಡಬ್ಬಿಯ ಹೊರಗೇ ಇಡಿ.